ಎದೆನೋವು ಬಂದಾಗ ಗಡಿಯಾರ ನೋಡಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು 1984ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು. ಆಗ ಈ ಸಭಾಂಗಣ ಇರಲಿಲ್ಲ, ಹೊಂಗೆ ಮರದ ಕೆಳಗೇ ನಮ್ಮ ಪ್ರಾರ್ಥನೆ. ವಿಜ್ಞಾನದ ಮೇಷ್ಟ್ರು ಒಂದು ದಿನ ಬಣ್ಣದ ಸೀಮೆಸುಣ್ಣದಲ್ಲಿ ಹೃದಯದ ಚಿತ್ರ ಬರೆದು, ‘ಎಲ್ಲರೂ ಮುಷ್ಟಿ ಹಿಡೀರಿ. ನಿಮ್ಮ ನಿಮ್ಮ ಹೃದಯ ಅಷ್ಟೇ ದೊಡ್ಡದು’ ಎಂದರು. ನಾವು ನಲವತ್ತು ಜನ ಮುಷ್ಟಿ ಎತ್ತಿ ಹಿಡಿದೆವು. ನನ್ನ ಪಕ್ಕದಲ್ಲಿ ಕುಳಿತಿದ್ದವನ ಮುಷ್ಟಿ ಎಲ್ಲರಿಗಿಂತ ದೊಡ್ಡದು. ಇವತ್ತು ನಾನು ಮಾತಾಡಬೇಕೆಂದಿರುವುದು ಅವನ ಬಗ್ಗೆ.

ಅವನ ಹೆಸರು ಹೇಳುವುದಿಲ್ಲ. ಅವನ ಮನೆಯವರು ಈ ಸಭೆಯಲ್ಲಿದ್ದಾರೆ. ಅವರನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ. ‘ಹೇಳಿ ಡಾಕ್ಟ್ರೇ, ಇನ್ನೊಬ್ಬರ ಮನೆಯಲ್ಲಾದರೂ ಹಾಗಾಗದೆ ಇರಲಿ’ ಎಂದರು ಆ ತಾಯಿ.

ಒಂಬತ್ತು ವರ್ಷದ ಹಿಂದೆ, ಒಂದು ರಾತ್ರಿ ಹತ್ತೂವರೆಗೆ ಅವನ ಫೋನು ಬಂತು. ‘ಲೋ ಡಾಕ್ಟ್ರೇ, ಮಧ್ಯಾಹ್ನ ಬೀಗರೂಟ ಜೋರಾಯ್ತು ಕಣೋ. ಎದೆ ಉರೀತಾ ಇದೆ, ಒಂಥರಾ ಹಿಡಕೊಂಡ ಹಾಗೆ. ಗ್ಯಾಸೇ ಇರಬೇಕು, ಅಲ್ವಾ?’ ಎಂದ. ನಾನು ಇಡೀ ದಿನ ಕೆಲಸ ಮಾಡಿ ಮಲಗಿದ್ದೆ. ‘ಗ್ಯಾಸಿನ ಮಾತ್ರೆ ತಗೊಂಡು ಮಲಕ್ಕೋ, ಬೆಳಿಗ್ಗೆ ಆಸ್ಪತ್ರೆಗೆ ಬಾ’ ಎಂದೆ. ಅವನಿಗೆ ಬಿ.ಪಿ. ಇದೆ, ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಾನೆ, ಅವನ ತಂದೆ ಐವತ್ತು ದಾಟುವ ಮೊದಲೇ ಹೋದರು. ಇದೆಲ್ಲ ನನಗೆ ಗೊತ್ತಿತ್ತು. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಅದೇ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಅವನ ಮಗಳು.

ಐದೂವರೆ ಗಂಟೆ ಕಾಲ ಇತ್ತು ನಮಗೆ. ನಮ್ಮ ಊರಿಂದ ತಾಲ್ಲೂಕು ಆಸ್ಪತ್ರೆಗೆ ಮುಕ್ಕಾಲು ಗಂಟೆ. ಲೆಕ್ಕ ನೀವೇ ಹಾಕಿ.

ಆ ರಾತ್ರಿ ಅವನ ಎದೆಯೊಳಗೆ ನಡೆದದ್ದೇನು ಎಂದು ಸರಳವಾಗಿ ಹೇಳುತ್ತೇನೆ. ಹೃದಯ ಮೈಗೆಲ್ಲ ರಕ್ತ ಹಾಯಿಸುವ ಪಂಪು. ಊರಿಗೆಲ್ಲ ನೀರೆತ್ತುವ ಪಂಪ್‌ಸೆಟ್ಟಿಗೂ ಕರೆಂಟು ಬೇಕಲ್ಲ, ಹಾಗೆ ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವ ಸಣ್ಣ ರಕ್ತನಾಳಗಳು ಹೃದಯದ ಮೈಮೇಲೆ ಹಬ್ಬಿವೆ. ವರ್ಷಗಟ್ಟಲೆ ಆ ನಾಳಗಳ ಗೋಡೆಯೊಳಗೆ ಕೊಬ್ಬು ಸೇರುತ್ತಾ ಹೋಗುತ್ತದೆ. ಅದು ನೋಯುವುದಿಲ್ಲ, ಗೊತ್ತೂ ಆಗುವುದಿಲ್ಲ. ಒಂದು ದಿನ ಆ ಕೊಬ್ಬಿನ ಗಡ್ಡೆಯ ಮೇಲಿನ ಪೊರೆ ಬಿರುಕು ಬಿಡುತ್ತದೆ. ಬಿರುಕಾದಲ್ಲಿ ರಕ್ತ ಹೆಪ್ಪುಗಟ್ಟಿ, ನಾಳ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ನಿನ್ನೆಯವರೆಗೆ ಹೊಲ ಉಳುತ್ತಿದ್ದವನು ಇವತ್ತು ಹೇಗೆ ಹೋದ ಎಂದು ಕೇಳುತ್ತೀರಲ್ಲ, ಹೀಗೆ. ನಾಳ ಮುಚ್ಚಿದ ಮೇಲೆ ಆ ಭಾಗದ ಸ್ನಾಯು ಒಮ್ಮೆಗೇ ಸಾಯುವುದಿಲ್ಲ, ಗಂಟೆ ಗಂಟೆಗೂ ಸ್ವಲ್ಪ ಸ್ವಲ್ಪವೇ ಸಾಯುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ನಾನು ಗಡಿಯಾರ ನೋಡಿ ಎನ್ನುತ್ತಿರುವುದು.

ಗುರುತು ಹಿಡಿಯುವುದು ಹೇಗೆ? ಎದೆಯ ನಡುವೆ ಕಲ್ಲು ಹೇರಿದ ಹಾಗೆ ಭಾರ, ಹಿಂಡಿದ ಹಾಗೆ ನೋವು, ಉರಿ. ಅದು ಎಡಗೈಗೆ, ಎರಡೂ ಕೈಗೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ ಹರಡಬಹುದು. ತಣ್ಣನೆ ಬೆವರು, ವಾಂತಿ, ಉಬ್ಬಸ. ಹೊಟ್ಟೆಯ ಮೇಲ್ಭಾಗದಲ್ಲೇ ನೋವು ಬಂದು ಗ್ಯಾಸಿನಂತೆ ಮೋಸ ಮಾಡುವುದೂ ಉಂಟು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ತೊಂದರೆ ಆಗಿಯೂ ಬರಬಹುದು. ತಾಯಂದಿರೇ, ‘ಕೆಲಸ ಜಾಸ್ತಿಯಾಗಿ ಸುಸ್ತು’ ಎಂದು ನೀವು ಅಡುಗೆಮನೆಯಲ್ಲೇ ಕುಳಿತುಬಿಡುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕುಳಿತು ತೀರ್ಮಾನ ಮಾಡಲು ಆಗುವುದಿಲ್ಲ. ಫೋನಿನಲ್ಲಿ ಡಾಕ್ಟರಿಗೂ ಆಗುವುದಿಲ್ಲ. ಅದನ್ನು ಹೇಳುವುದು ಇ.ಸಿ.ಜಿ. ಹತ್ತು ನಿಮಿಷದ ಕೆಲಸ, ನೋವಿಲ್ಲ. ಒಂದು ಎಚ್ಚರಿಕೆ ಮಾತ್ರ ಇದೆ. ಮೊದಲ ಇ.ಸಿ.ಜಿ. ಸರಿಯಾಗಿಯೇ ಇದ್ದರೂ ನೋವು ಮುಂದುವರಿದರೆ ಮತ್ತೆ ತೆಗೆಯಬೇಕು. ಸ್ನಾಯುವಿಗೆ ಪೆಟ್ಟಾಗಿದ್ದರೆ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತದಲ್ಲಿ ಏರುತ್ತದೆ. ಅದೂ ಕೆಲವು ಗಂಟೆ ಬಿಟ್ಟು ಏರುವುದರಿಂದ ಆ ಪರೀಕ್ಷೆಯನ್ನೂ ಎರಡನೇ ಸಲ ಮಾಡಿಸಬೇಕಾಗಬಹುದು. ‘ಒಂದು ಸಲ ನೋಡಿದರು, ಏನೂ ಇಲ್ಲವಂತೆ’ ಎಂದು ಎದ್ದು ಬರಬೇಡಿ.

ಇನ್ನು ಚಿಕಿತ್ಸೆ. ಆಸ್ಪಿರಿನ್ ಎಂಬ ಹಳೆಯ, ಅಗ್ಗದ ಮಾತ್ರೆಯ ಶಕ್ತಿ 1988ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸ್ಪಷ್ಟವಾಯಿತು. 17 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ ಆ ಅಧ್ಯಯನದಲ್ಲಿ, ಆಸ್ಪಿರಿನ್ ಕೊಟ್ಟವರಲ್ಲಿ ಸಾವು ಸುಮಾರು ಕಾಲುಭಾಗ ಕಡಿಮೆಯಾಗಿತ್ತು. ಹೃದಯಾಘಾತದ ಅನುಮಾನ ಬಂದಾಗ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗುವುದು ವಾಡಿಕೆ. ಆದರೆ ಅದರ ಅಲರ್ಜಿ ಇರುವವರು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತಿರುವವರು ತೆಗೆದುಕೊಳ್ಳಬಾರದು. ಅದಕ್ಕೇ ಮೊದಲು 108ಕ್ಕೆ ಫೋನು ಮಾಡಿ, ವೈದ್ಯರು ಹೇಳಿದಂತೆ ಮಾಡಿ.

ಮುಚ್ಚಿದ ನಾಳ ತೆರೆಯಲು ಎರಡು ದಾರಿ. ಒಂದು, ಹೆಪ್ಪು ಕರಗಿಸುವ ಇಂಜೆಕ್ಷನ್. ನೋವು ಶುರುವಾಗಿ ಹನ್ನೆರಡು ಗಂಟೆಯೊಳಗೆ ಕೊಡಬಹುದು, ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಅದರ ಗುಣವೇ ಬೇರೆ. ಎರಡು, ಆಂಜಿಯೋಪ್ಲಾಸ್ಟಿ. ಕೈಯ ಅಥವಾ ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ಹಾಯಿಸಿ, ಬಲೂನಿನಿಂದ ನಾಳ ಹಿಗ್ಗಿಸಿ, ಸ್ಟೆಂಟ್ ಕೂರಿಸುವುದು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಹೃದಯದ ನಾಳಕ್ಕೆ ಮೊದಲ ಬಾರಿ ಹೀಗೆ ಬಲೂನು ಹಾಯಿಸಿದರು. ನಮ್ಮ ಈ ಶಾಲೆಗೆ ಆಗ ಎರಡು ವರ್ಷ. ಎರಡು ಗಂಟೆಯೊಳಗೆ ಆ ಸೌಲಭ್ಯ ಸಿಗುವುದಾದರೆ ಅದೇ ಉತ್ತಮ. ಸಿಗದಿದ್ದರೆ ಹತ್ತಿರದಲ್ಲೇ ಇಂಜೆಕ್ಷನ್ ಪಡೆದು ಮುಂದೆ ಹೋಗಬೇಕು. ದೊಡ್ಡ ಆಸ್ಪತ್ರೆಗೇ ಹೋಗೋಣವೆಂದು ಕಾರಿನಲ್ಲಿ ಮೂರು ಗಂಟೆ ಕಳೆಯುವುದು ತಪ್ಪು.

ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ನಮ್ಮನ್ನಗಲಿದ್ದು ನಿಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲಿ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು, ಜಯದೇವದಂಥ ಸಂಸ್ಥೆಯ ತಜ್ಞರ ಸಲಹೆ ಪಡೆದು, ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ ಬೀಳುವ ಟೆನೆಕ್ಟೆಪ್ಲೇಸ್ ಇಂಜೆಕ್ಷನನ್ನು ಉಚಿತವಾಗಿ ಕೊಡುವ ಏರ್ಪಾಡು ಅದು. ನನ್ನ ಗೆಳೆಯನ ಕಾಲಕ್ಕೆ ಇದು ಇರಲಿಲ್ಲ. ಈಗ ಇದೆ. ಆದರೆ ಇಂಜೆಕ್ಷನ್ ಆಸ್ಪತ್ರೆಯಲ್ಲಿದ್ದು ರೋಗಿ ಮನೆಯಲ್ಲಿ ಜೀರಿಗೆ ನೀರು ಕುಡಿಯುತ್ತಾ ಕುಳಿತರೆ ಯಾವ ಯೋಜನೆಯೂ ಉಳಿಸುವುದಿಲ್ಲ.

2025ರ ಜೂನ್, ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ್ದೇ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳ್ಳಂಬೆಳಿಗ್ಗೆ ಜನ ಸಾಲು ನಿಂತರು. ನಮ್ಮೂರಿಂದಲೂ ಹೋಗಿದ್ದಿರಿ. ಭಯಪಟ್ಟದ್ದು ತಪ್ಪಲ್ಲ. ಆದರೆ ಆ ಸಾಲಿನಲ್ಲಿ ಬೀಡಿ ಹಚ್ಚಿಕೊಂಡು ನಿಂತವರನ್ನೂ ನಾನು ಕಂಡೆ. ನೆಲವೋ ನೀರೋ ಶಾಪವೋ ಎಂದು ಹುಡುಕುವ ಮೊದಲು ಹಳೆಯ ಶತ್ರುಗಳನ್ನು ನೋಡೋಣ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲ ಹೃದಯಾಘಾತದ ಅಪಾಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಂಬತ್ತೇ ಅಂಶಗಳಿಗೆ ಸೇರಿದ್ದು ಎಂದು ತೋರಿಸಿತು. ಧೂಮಪಾನ, ಕೊಬ್ಬಿನ ಏರುಪೇರು, ಬಿ.ಪಿ., ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು ಮತ್ತು ಕುಡಿತದ ಅಭ್ಯಾಸ. ಅದೇ ಅಧ್ಯಯನದ ಪ್ರಕಾರ ನಮ್ಮ ದಕ್ಷಿಣ ಏಷ್ಯಾದ ಜನರಿಗೆ ಇತರರಿಗಿಂತ ಐದಾರು ವರ್ಷ ಮೊದಲೇ ಹೃದಯಾಘಾತವಾಗುತ್ತದೆ. ಅಪ್ಪ ಅಮ್ಮನಿಂದ ಬಂದದ್ದನ್ನು ಬದಲಿಸಲಾಗದು. ಈ ಒಂಬತ್ತನ್ನು ಬದಲಿಸಬಹುದು.

ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿ.ಪಿ., ಶುಗರ್ ನೋಡಿಸಿ. ಮಾತ್ರೆ ಶುರುವಾದರೆ ‘ಈಗ ಆರಾಮಿದ್ದೀನಿ’ ಎಂದು ನೀವೇ ನಿಲ್ಲಿಸಬೇಡಿ. ಆರಾಮಿರುವುದೇ ಆ ಮಾತ್ರೆಯಿಂದ. ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಮಾತು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಬೀಡಿ ಸಿಗರೇಟು ಬಿಟ್ಟ ಒಂದು ವರ್ಷಕ್ಕೆ ಹೃದ್ರೋಗದ ಹೆಚ್ಚಿನ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳದ್ದೂ ಅದೇ ಲೆಕ್ಕಕ್ಕೆ ಸೇರಬೇಕು. ಮುದ್ದೆ, ಸೊಪ್ಪಿನ ಸಾರು, ಕಾಳು ನಮ್ಮ ಅಜ್ಜಿಯರು ಕೊಟ್ಟ ಒಳ್ಳೆಯ ಊಟ. ಆದರೆ ಅಜ್ಜ ಆ ಮುದ್ದೆ ಉಂಡು ದಿನವಿಡೀ ಹೊಲದಲ್ಲಿರುತ್ತಿದ್ದರು. ನಾವು ಉಂಡು ಬೈಕು ಹತ್ತುತ್ತೇವೆ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

ಮಕ್ಕಳೇ, ಕೊನೆಯ ಮಾತು ನಿಮಗೆ. ಮನೆಯಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ ದೊಡ್ಡವರು ಸೋಡಾ ತರಲು ನಿಮ್ಮನ್ನು ಅಂಗಡಿಗೆ ಓಡಿಸುತ್ತಾರೆ. ನೀವು ಮೊದಲು ಗಡಿಯಾರ ನೋಡಿ, ಆಮೇಲೆ 108ಕ್ಕೆ ಫೋನು ಮಾಡಿ. ಅವರನ್ನು ನಡೆಸಬೇಡಿ, ತಾವೇ ಗಾಡಿ ಓಡಿಸಿಕೊಂಡು ಹೋಗಲು ಬಿಡಬೇಡಿ. ಪ್ರಜ್ಞೆ ತಪ್ಪಿ ಉಸಿರಾಟ ನಿಂತರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಬೇಕು. ಅದನ್ನು ಇವತ್ತು ಮಧ್ಯಾಹ್ನ ಹತ್ತನೇ ತರಗತಿಯ ಕೋಣೆಯಲ್ಲಿ ಬೊಂಬೆಯ ಮೇಲೆ ಕಲಿಸುತ್ತೇನೆ. ಪಕ್ಕದ ಕೋಣೆಯಲ್ಲಿ ದೊಡ್ಡವರಿಗೆ ಬಿ.ಪಿ. ನೋಡಲಾಗುತ್ತದೆ. ಆ ಯಂತ್ರ ಹಿಡಿದು ಕೂರುವವಳು ನನ್ನ ಗೆಳೆಯನ ಮಗಳು. ಈಗ ಅವಳು ನಮ್ಮ ತಾಲ್ಲೂಕಿನಲ್ಲೇ ಶುಶ್ರೂಷಕಿ.

ನನಗೆ ಈಗಲೂ ರಾತ್ರಿ ಹೊತ್ತು ಫೋನುಗಳು ಬರುತ್ತವೆ. ಎದೆನೋವು ಅಂದರೆ ನಾನು ಕೇಳುವುದು ಒಂದೇ, ‘ಎಷ್ಟು ಹೊತ್ತಿಗೆ ಶುರುವಾಯ್ತು?’ ಉತ್ತರ ಏನೇ ಇರಲಿ, ‘ಈಗಲೇ ಹೊರಡಿ, ನಾನೂ ಆಸ್ಪತ್ರೆಗೆ ಬರ್ತೀನಿ’ ಎನ್ನುತ್ತೇನೆ. ಹತ್ತು ಸಲದಲ್ಲಿ ಎಷ್ಟೋ ಸಲ ಅದು ಗ್ಯಾಸೇ ಆಗಿರುತ್ತದೆ. ಆಗ ಅವರು ‘ಸುಮ್ಮನೆ ನಿಮಗೆ ತೊಂದರೆ ಕೊಟ್ಟೆವು’ ಎನ್ನುತ್ತಾರೆ. ನನಗೆ ಅದಕ್ಕಿಂತ ಸಂತೋಷದ ಮಾತು ಬೇರೆ ಇಲ್ಲ.

ಈ ಶಾಲೆ ನೂರು ವರ್ಷ ಕಾಣಲಿ.