ಕಣ್ಣಿಲ್ಲದವರಿಗೆ ಮೀಸಲಾದ ಕಸುಬು

(ಕಾಲೇಜೊಂದರ ಇತಿಹಾಸ ಸಂಘದಲ್ಲಿ ಈಚೆಗೆ ಆಡಿದ ಮಾತುಗಳ ಬರಹರೂಪ)



ಮಾಲೀಶಿನ ಬಗ್ಗೆ ಮಾತನಾಡುತ್ತೇನೆ ಎಂದು ತಿಳಿಸಿದಾಗ ನಿಮ್ಮ ಸಂಘದ ಕಾರ್ಯದರ್ಶಿ ಮೊದಲು ನಕ್ಕರು. ಆಮೇಲೆ, 'ಇದು ಇತಿಹಾಸ ಸಂಘ ಸಾರ್' ಎಂದು ನೆನಪಿಸಿದರು. ಅವರ ತಪ್ಪೇನಿಲ್ಲ. ಆ ಪದ ಕಿವಿಗೆ ಬಿದ್ದರೆ ಇಂದು ಕಣ್ಣಮುಂದೆ ಬರುವುದು ಸ್ಪಾಗಳ ಬೋರ್ಡು, ಇಲ್ಲವೇ ನಮ್ಮಂಥ ವರದಿಗಾರರು ಬರೆಯುವ ಪೊಲೀಸ್ ದಾಳಿಯ ನಾಲ್ಕು ಸಾಲಿನ ಸುದ್ದಿ.

ಆದರೆ ಈ ವಿದ್ಯೆ ನಮಗೆ ಹೊಸದಲ್ಲ. ನೀವುವುದು, ತಿಕ್ಕುವುದು, ಒತ್ತುವುದು, ಅದುಮುವುದು, ಹಿಸುಕುವುದು, ನಾದುವುದು, ತಟ್ಟುವುದು. ಕೈ ಮೈಗೆ ಮಾಡುವ ಉಪಚಾರಕ್ಕೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ ನೋಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳ ಪೈಕಿ ಪಾದಾಭ್ಯಂಗವೂ ಒಂದು. ಅಂದರೆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವುದು. ಭೋಗಿಸಿದ ಅರಸನ ಹೆಸರು ನಮಗೆ ಗೊತ್ತು. ತಿಕ್ಕಿದವನ ಹೆಸರು?

ಇದೇ ನನ್ನ ಇಂದಿನ ವಿಷಯ. ಮಾಲೀಶು ಹೇಗೆ ಮಾಡುತ್ತಾರೆ ಎಂಬುದಕ್ಕಿಂತ, ಯಾರು ಮಾಡುತ್ತಾರೆ ಎಂಬ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಎಳೆಗೂಸಿಗೂ ಬಾಣಂತಿಗೂ ಎಣ್ಣೆ ತಿಕ್ಕಿದವಳು ಸೂಲಗಿತ್ತಿ. ತಲೆ ತಟ್ಟಿದವನು ಕ್ಷೌರಿಕ. ಗರಡಿಯಲ್ಲಿ ಪೈಲ್ವಾನರು ತಮ್ಮತಮ್ಮಲ್ಲೇ ಮಾಡಿಕೊಂಡರು. ಜಪಾನಿನಲ್ಲಿ ಇದೇ ಪ್ರಶ್ನೆಗೆ ಶತಮಾನಗಳ ಕಾಲ ಸಿಗುತ್ತಿದ್ದ ಉತ್ತರ ಬೇರೆ: ಕಣ್ಣು ಕಾಣದವರು. ದಕ್ಷಿಣ ಕೊರಿಯಾದಲ್ಲಂತೂ ಇವತ್ತಿಗೂ ಕಾನೂನಿನ ಪ್ರಕಾರ ಅಂಧರಿಗೆ ಮಾತ್ರ ಅಂಗಮರ್ದನದ ಪರವಾನಗಿ. ಇದು ಹೇಗೆ ಬಂತು, ಸರಿಯೇ ತಪ್ಪೇ ಎಂಬ ಜಗಳ ನ್ಯಾಯಾಲಯದವರೆಗೆ ಹೇಗೆ ಹೋಯಿತು ಎಂಬುದನ್ನು ಹೇಳಲು ಬಂದಿದ್ದೇನೆ.

ಮೊದಲು ಪದ್ಧತಿಗಳನ್ನು ಬೇಗ ಮುಗಿಸಿಬಿಡೋಣ. ಜಪಾನಿನ ಕಾನೂನು ಒಂದೇ ಪರವಾನಗಿಯಲ್ಲಿ ಮೂರು ವಿದ್ಯೆಗಳನ್ನು ಹೆಸರಿಸುತ್ತದೆ: ಆನ್ಮಾ, ಮಸಾಜ್, ಶಿಯಾತ್ಸು. ಆನ್ಮಾ ಹಳೆಯದು, ಚೀನಾದಿಂದ ವೈದ್ಯದ ಜೊತೆ ಬಂದದ್ದು. ಬಟ್ಟೆಯ ಮೇಲಿನಿಂದಲೇ ಹಿಸುಕಿ ನಾದುತ್ತಾರೆ. ಕೈ ಮೈಯ ನಡುವಿನಿಂದ ಕೈಕಾಲಿನ ತುದಿಗಳತ್ತ ಸಾಗುತ್ತದೆ. 19ನೇ ಶತಮಾನದ ಕೊನೆಯಲ್ಲಿ ಯೂರೋಪಿನಿಂದ ಬಂದ ಮಸಾಜ್ ಇದಕ್ಕೆ ತಿರುಗುಮುರುಗು: ಬರಿಮೈಗೆ ಎಣ್ಣೆಯನ್ನೋ ಪೌಡರನ್ನೋ ಹಚ್ಚಿ ತುದಿಯಿಂದ ಹೃದಯದ ಕಡೆಗೆ ನೀವುವುದು. ಶಿಯಾತ್ಸು ಎಂದರೆ ಬೆರಳೊತ್ತು. ಹೆಬ್ಬೆರಳಿನಿಂದ, ಅಂಗೈಯಿಂದ ಒಂದೊಂದೇ ಜಾಗವನ್ನು ಒತ್ತಿ ಹಿಡಿಯುತ್ತಾರೆ. ಇದಕ್ಕೆ ಹೆಸರು ತಂದವನು ತೊಕುಜಿರೊ ನಮಿಕೊಶಿ. 1940ರಲ್ಲಿ ಶಾಲೆ ತೆರೆದ. 1954ರಲ್ಲಿ ಮರ್ಲಿನ್ ಮನ್ರೋ ಜಪಾನಿಗೆ ಬಂದಿದ್ದಾಗ ಆಕೆಗೆ ಚಿಕಿತ್ಸೆ ಕೊಟ್ಟ ಮೇಲೆ ಅವನ ಕೀರ್ತಿ ದೇಶ ದಾಟಿತು. ಈ ಮೂರರಲ್ಲೂ ಕಣ್ಣಿಗೆ ಹೆಚ್ಚು ಕೆಲಸವಿಲ್ಲ. ಗಂಟು ಎಲ್ಲಿದೆ, ಸ್ನಾಯು ಎಲ್ಲಿ ಬಿಗಿದಿದೆ ಎಂಬುದನ್ನು ಹೇಳುವುದು ಬೆರಳು.

ಇನ್ನು ಕಥೆಗೆ ಬರೋಣ. 1610ರಲ್ಲಿ ಇಸೆ ಪ್ರಾಂತ್ಯದ ಸಮುರಾಯ್ ಮನೆತನದಲ್ಲಿ ಸುಗಿಯಾಮಾ ವಾಯಿಚಿ ಎಂಬ ಹುಡುಗ ಹುಟ್ಟಿದ. ಚಿಕ್ಕಂದಿನಲ್ಲೇ ಕಾಯಿಲೆಯಿಂದ ಕಣ್ಣು ಹೋಯಿತು. ಕತ್ತಿ ಹಿಡಿಯಬೇಕಾದವನು ಎಡೋ ನಗರಕ್ಕೆ, ಅಂದರೆ ಇಂದಿನ ಟೋಕಿಯೋಗೆ ಹೋಗಿ ಒಬ್ಬ ಅಂಧ ಗುರುವಿನ ಬಳಿ ಸೂಜಿ ಚಿಕಿತ್ಸೆ ಕಲಿಯಲು ನಿಂತ. ಮರೆವು ಹೆಚ್ಚು, ಕೈ ಒರಟು. ಗುರು ಓಡಿಸಿಬಿಟ್ಟ. ಹುಡುಗ ಎನೋಶಿಮಾ ದ್ವೀಪದ ಗುಹೆಯಲ್ಲಿ ಬೆಂಜೈತೆನ್ ದೇವಿಯ ಮುಂದೆ ಉಪವಾಸ ಕುಳಿತ. ಈ ಬೆಂಜೈತೆನ್ ಬೇರೆ ಯಾರೂ ಅಲ್ಲ, ಬೌದ್ಧಧರ್ಮದ ಜೊತೆ ಜಪಾನಿಗೆ ಹೋದ ನಮ್ಮ ಸರಸ್ವತಿಯೇ. ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ, ಅಷ್ಟೇ. ಉಪವಾಸ ಮುಗಿಸಿ ಹೊರಟಾಗ ಅವನು ಕಲ್ಲೊಂದಕ್ಕೆ ಎಡವಿ ಬಿದ್ದನಂತೆ. ಬಿದ್ದಲ್ಲಿ ಕೈಗೆ ಏನೋ ಚುಚ್ಚಿತು. ತಡವಿ ನೋಡಿದರೆ ಕೊಳವೆಯಂತೆ ಸುರುಳಿಕೊಂಡ ಎಲೆ, ಅದರೊಳಗೆ ಪೈನ್ ಮರದ ಸೂಜಿಯಂಥ ಎಸಳು. ಸೂಜಿಯನ್ನು ಸಣ್ಣ ಕೊಳವೆಯೊಳಗಿಟ್ಟು ಮೇಲಿನಿಂದ ತಟ್ಟಿದರೆ ಕೈ ನಡುಗದೆ ಚರ್ಮದೊಳಕ್ಕೆ ಹೋಗುತ್ತದಲ್ಲ ಎಂದು ಹೊಳೆಯಿತಂತೆ.

ದಂತಕಥೆಯನ್ನು ನಂಬಿ, ಬಿಡಿ. ಕೊಳವೆ ಮಾತ್ರ ನಿಜ. ಇಂದಿಗೂ ಅನೇಕ ದೇಶಗಳ ಅಕ್ಯುಪಂಕ್ಚರ್ ಚಿಕಿತ್ಸಕರು ಇಂಥ ಕೊಳವೆಯನ್ನೇ ಬಳಸುತ್ತಾರೆ.

ಆ ದಡ್ಡ ಶಿಷ್ಯ ಕೊನೆಗೆ ಶೋಗನ್ ತ್ಸುನಯೋಶಿಯ ವೈದ್ಯನಾದ. ಏನು ಬೇಕು ಕೇಳು ಎಂದು ಶೋಗನ್ ಹೇಳಿದಾಗ ಸುಗಿಯಾಮಾ ಒಂದು ಕಣ್ಣು ಕೇಳಿದನಂತೆ. ಕಣ್ಣು ಕೊಡಲಾಗದ ಶೋಗನ್ ಎಡೋದಲ್ಲಿ 'ಒಂದು ಕಣ್ಣು' ಎಂಬ ಅರ್ಥದ ಹೆಸರಿದ್ದ ಜಾಗವನ್ನು ದಾನ ಮಾಡಿದ. ಅಲ್ಲಿ ಅವನ ನೆನಪಿನ ಗುಡಿ ಈಗಲೂ ಇದೆ. ಈ ಚಮತ್ಕಾರಕ್ಕಿಂತ ದೊಡ್ಡದು ಇನ್ನೊಂದಿದೆ. 1680ರ ದಶಕದಲ್ಲಿ ಸುಗಿಯಾಮಾ ಅಂಧರಿಗೆ ಸೂಜಿ ಚಿಕಿತ್ಸೆಯನ್ನೂ ಆನ್ಮಾವನ್ನೂ ಕಲಿಸುವ ಶಾಲೆ ನಡೆಸಿದ. ಅಂಧರ ಶಿಕ್ಷಣದ ಆರಂಭವೆಂದು ಪಠ್ಯಪುಸ್ತಕಗಳು ಹೇಳುವ ಪ್ಯಾರಿಸ್ಸಿನ ಶಾಲೆ ಹುಟ್ಟಿದ್ದು ಅದಕ್ಕಿಂತ ಸುಮಾರು 100 ವರ್ಷ ತಡವಾಗಿ.

ಅಂಧರಿಗೆ ಆಗ ತಮ್ಮದೇ ಸಂಘವೂ ಇತ್ತು, ತೋದೋಜಾ ಎಂದು. ಬಿವಾ ನುಡಿಸಿ ಯುದ್ಧಕಥೆ ಹಾಡುವವರು, ಕೊತೊ ನುಡಿಸುವವರು, ಮೈ ಒತ್ತುವವರು ಎಲ್ಲರೂ ಅದರಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಪದವಿಗಳು. ಮೇಲಿನ ಪದವಿಗೆ ದೊಡ್ಡ ಮೊತ್ತ ತೆರಬೇಕಿತ್ತು. ಮೇಲೇರಿದವರು ಬಡ್ಡಿ ವ್ಯವಹಾರ ಮಾಡಿ ಸಿರಿವಂತರಾದರು. ಕೆಳಗಿನವರು ರಾತ್ರಿ ಹೊತ್ತು ಸಣ್ಣ ಪೀಪಿ ಊದುತ್ತಾ, ಕೋಲು ಕುಟ್ಟುತ್ತಾ ಬೀದಿ ಬೀದಿ ಅಲೆದರು. ದಣಿದವರು ಒಳಗೆ ಕರೆದರೆ ಆ ರಾತ್ರಿಯ ಅನ್ನ. 1962ರಿಂದ ಬಂದ ಜತೋಯಿಚಿ ಸಿನಿಮಾಗಳ ಕುರುಡು ನಾಯಕ ಇಂಥವನೇ, ಕೋಲಿನೊಳಗೆ ಕತ್ತಿ ಬಚ್ಚಿಟ್ಟುಕೊಂಡವನು. ನಿಜವಾದ ಆನ್ಮಾದವರ ಕೋಲಿನೊಳಗೆ ಕತ್ತಿ ಇರಲಿಲ್ಲ.

1871ರಲ್ಲಿ ಮೇಜಿ ಸರ್ಕಾರ ಸಂಘವನ್ನು ರದ್ದು ಮಾಡಿತು. ಆಧುನಿಕತೆ ಬಂತು, ಆಸರೆ ಹೋಯಿತು. 1878ರಲ್ಲಿ ಕ್ಯೋಟೋದಲ್ಲಿ ಹೊಸ ಮಾದರಿಯ ಅಂಧರ ಶಾಲೆ ತೆರೆಯಿತು. ಇಂಥ ಶಾಲೆಗಳಲ್ಲಿ ಮತ್ತೆ ಅಂಗಮರ್ದನವೇ ಮುಖ್ಯ ಕಸುಬಾಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನು ಸೋತ ಬಳಿಕ ಅಮೆರಿಕದ ಆಡಳಿತಕ್ಕೆ ಈ ಸೂಜಿ ಚಿಕಿತ್ಸೆ, ಸುಡು ಚಿಕಿತ್ಸೆಗಳೆಲ್ಲ ಅಶುಚಿ, ಅವೈಜ್ಞಾನಿಕ ಎನಿಸಿದವು. ನಿಷೇಧದ ಮಾತು ಎದ್ದದ್ದು 1947ರಲ್ಲಿ. ಅಂಧರೂ ಅವರ ಶಿಕ್ಷಕರೂ ಒಟ್ಟಾಗಿ ಪ್ರತಿಭಟಿಸಿದರು. ಅದೇ ವರ್ಷದ ಕೊನೆಗೆ ನಿಷೇಧದ ಬದಲು ಪರವಾನಗಿಯ ಕಾನೂನು ಬಂತು.

ಆ ಹೊತ್ತಿಗೆ ಹೊಸ ಪೈಪೋಟಿ ಶುರುವಾಗಿತ್ತು. ಕಣ್ಣಿರುವವರೂ ಈ ಕಸುಬಿಗೆ ಬರತೊಡಗಿದ್ದರು. 1964ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಅಂಧರ ಜೀವನೋಪಾಯಕ್ಕೆ ಧಕ್ಕೆ ಬರುವಂತಿದ್ದರೆ ಕಣ್ಣಿರುವವರಿಗಾಗಿ ಹೊಸ ಶಾಲೆ ತೆರೆಯಲು ಅನುಮತಿ ನಿರಾಕರಿಸಬಹುದು ಎಂದಾಯಿತು. ಅನುಮತಿ ಸಿಗದ ಸಂಸ್ಥೆಯೊಂದು ಕೋರ್ಟಿಗೆ ಹೋಯಿತು. 2022ರ ಫೆಬ್ರುವರಿಯಲ್ಲಿ ಜಪಾನಿನ ಸುಪ್ರೀಂ ಕೋರ್ಟು ಆ ನಿರ್ಬಂಧ ಸಂವಿಧಾನಬದ್ಧ ಎಂದಿತು.

ಕೊರಿಯಾದ ಕಥೆ ಇನ್ನೂ ತೀವ್ರ. ವಸಾಹತು ಕಾಲದಲ್ಲಿ ಜಪಾನೀಯರು ಈ ಏರ್ಪಾಡನ್ನು ಅಲ್ಲಿಗೂ ಒಯ್ದಿದ್ದರು. ಸ್ವಾತಂತ್ರ್ಯದ ಬಳಿಕ ಅದು ನಿಂತುಹೋಗಿ, 1960ರ ದಶಕದಲ್ಲಿ ದಕ್ಷಿಣ ಕೊರಿಯಾದಲ್ಲಿ ಮರಳಿ ಬಂತು. 2006ರ ಮೇ ತಿಂಗಳಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಅಂಧರಿಗೆ ಮಾತ್ರ ಎಂಬ ನಿಯಮ ಉಳಿದವರ ವೃತ್ತಿ ಸ್ವಾತಂತ್ರ್ಯವನ್ನು ಕಸಿಯುತ್ತದೆ ಎಂದು ಅದನ್ನು ತಳ್ಳಿಹಾಕಿತು. ಕಾಗದದ ಮೇಲೆ ಸಮಾನತೆಯ ಗೆಲುವು. ಆದರೆ ಸೋಲ್ ನಗರದ ಮಾಪೊ ಸೇತುವೆಯ ಮೇಲೆ ಅಂಧ ಅಂಗಮರ್ದಕರು ಧರಣಿ ಕೂತರು. ಕೆಲವರು ಅಲ್ಲಿಂದ ಹಾನ್ ನದಿಗೆ ಹಾರಿದರು. ಆ ವರ್ಷ ಮುಗಿಯುವ ಮೊದಲೇ ಸಂಸತ್ತು ಕಾನೂನನ್ನೇ ತಿದ್ದಿ ಮೀಸಲನ್ನು ಮರಳಿಸಿತು. ಅದನ್ನೂ ಪ್ರಶ್ನಿಸಲಾಯಿತು. 2008ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ 6-3 ಬಹುಮತದಿಂದ, ಮೀಸಲು ನ್ಯಾಯವೇ ಎಂದು ತೀರ್ಪಿತ್ತಿತು.

ಎರಡೇ ವರ್ಷದಲ್ಲಿ ನ್ಯಾಯಾಲಯ ಮಾತು ತಿರುಗಿಸಿತಲ್ಲ ಎಂದು ನಿಮ್ಮಲ್ಲಿ ಕಾನೂನು ಓದುವವರು ಕೇಳಬಹುದು. ನನಗೆ 2008ರ ತೀರ್ಪೇ ಸರಿ ಎನಿಸುತ್ತದೆ. ಮಾಲೀಶಿನ ಬಾಗಿಲು ಮುಚ್ಚಿದರೆ ಕಣ್ಣಿರುವವನಿಗೆ ಹತ್ತು ಬಾಗಿಲುಗಳಿವೆ. ಸೇತುವೆಯ ಮೇಲೆ ಕೂತವರಿಗೆ ಇದ್ದದ್ದು ಅದೊಂದೇ. ಆದರೆ ಅಲ್ಲಿಗೇ ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ಒಂದು ಬಾಗಿಲನ್ನು ಭದ್ರ ಮಾಡಿದ ಸಮಾಜ, ಇನ್ನುಳಿದ ಬಾಗಿಲುಗಳನ್ನು ತೆರೆಯುವ ಕೆಲಸದಿಂದ ನುಣುಚಿಕೊಳ್ಳುತ್ತದೆ. ಅಂಧ ಮಗು ಹುಟ್ಟಿದ ಕೂಡಲೇ, ಇವನು ಮೈ ಒತ್ತುವವನಾಗುತ್ತಾನೆ ಎಂದು ಊರು ತೀರ್ಮಾನಿಸಿದರೆ ಅದು ಆಸರೆಯೂ ಹೌದು, ಬೇಲಿಯೂ ಹೌದು.

ನಮ್ಮಲ್ಲಿ ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೂ ಪುಟ್ಟರಾಜ ಗವಾಯಿಗಳು ಎಷ್ಟೊಂದು ಅಂಧ ಮಕ್ಕಳಿಗೆ ಅನ್ನ, ವಿದ್ಯೆ, ಸಂಗೀತ ಕೊಟ್ಟರು. ಜಪಾನಿನಲ್ಲಿ ಬೆರಳಿಗೆ ಸಿಕ್ಕ ಮರ್ಯಾದೆ ಗದಗದಲ್ಲಿ ಕಂಠಕ್ಕೆ ಸಿಕ್ಕಿತು. ಆ ಉಪಕಾರ ಸಣ್ಣದಲ್ಲ. ಆದರೂ ಕೇಳಬೇಕಾದ ಪ್ರಶ್ನೆ ಎರಡೂ ಕಡೆ ಒಂದೇ: ಹಾಡಲು ಬಾರದ, ಒತ್ತಲು ಬಾರದ ಅಂಧ ಹುಡುಗ ಎಲ್ಲಿಗೆ ಹೋಗಬೇಕು?

ಅಂಥವನೊಬ್ಬ ಜಪಾನಿನಲ್ಲಿದ್ದ. ಹಾನಾವಾ ಹೊಕಿಯಿಚಿ, ಹುಟ್ಟಿದ್ದು 1746ರಲ್ಲಿ. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡು ಸಂಘ ಸೇರಿದ. ಸಂಗೀತ ಹತ್ತಲಿಲ್ಲ, ಸೂಜಿ ಹತ್ತಲಿಲ್ಲ, ಆನ್ಮಾವೂ ಹತ್ತಲಿಲ್ಲ. ಇವನ ಗುರು ಓಡಿಸದೆ ಓದಲು ಬಿಟ್ಟ. ಬೇರೆಯವರು ಓದಿದ್ದನ್ನು ಕೇಳಿ ಕೇಳಿ ನೆನಪಿನಲ್ಲಿಟ್ಟುಕೊಂಡು ಜಪಾನಿನ ಪ್ರಾಚೀನ ಗ್ರಂಥಗಳನ್ನು ಸಂಪಾದಿಸಿದ. ಆ ಮಹಾಸಂಕಲನವನ್ನು ಮುದ್ರಿಸಲು ಕೆತ್ತಿಸಿದ 17 ಸಾವಿರಕ್ಕೂ ಹೆಚ್ಚು ಮರದ ಅಚ್ಚುಗಳು ಟೋಕಿಯೋದಲ್ಲಿ ಉಳಿದಿವೆ. 1937ರಲ್ಲಿ ಹೆಲೆನ್ ಕೆಲರ್ ಜಪಾನಿಗೆ ಹೋದಾಗ ಅವನ ಸ್ಮಾರಕಕ್ಕೆ ಭೇಟಿ ಕೊಟ್ಟರು. ಒಮ್ಮೆ ಪಾಠದ ನಡುವೆ ಗಾಳಿಗೆ ದೀಪ ಆರಿತಂತೆ. ಶಿಷ್ಯರು, ನಿಲ್ಲಿಸಿ ಗುರುಗಳೇ ಎಂದರು. ಯಾಕೆಂದು ತಿಳಿದ ಮೇಲೆ ಅವನು ನಕ್ಕು, ಕಣ್ಣಿರುವವರಿಗೆ ಎಷ್ಟು ಅನನುಕೂಲ ಎಂದನಂತೆ.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕಸುಬನ್ನು ಮೀಸಲಿಡಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಶೇ 4, ಅದರಲ್ಲಿ ಅಂಧರಿಗೂ ಮಂದದೃಷ್ಟಿಯವರಿಗೂ ಶೇ 1 ಎಂದು ಹಂಚಿತು. ಬೇಲಿಯ ಮಟ್ಟಿಗೆ ಇದು ಮೇಲು. ಸರ್ಕಾರಿ ಹುದ್ದೆ ಸಿಗದ ಬಹುಪಾಲು ಮಂದಿಗೆ ಆಸರೆಯ ಮಟ್ಟಿಗೆ ಮೇಲು ಎನ್ನುವ ಧೈರ್ಯ ನನಗಿಲ್ಲ.

ಜಪಾನಿನಲ್ಲಿ ಈಗ ಪರವಾನಗಿ ಪಡೆದವರಲ್ಲಿ ಕಣ್ಣಿರುವವರೇ ಹೆಚ್ಚು. ಪರವಾನಗಿ ಇಲ್ಲದ ಅಂಗಡಿಗಳು ಮಸಾಜ್ ಎಂಬ ಮಾತನ್ನು ಜಾಣತನದಿಂದ ಬಿಟ್ಟು, ಮೈ ಸಡಿಲಿಸುತ್ತೇವೆ, ದಣಿವಾರಿಸುತ್ತೇವೆ ಎಂದು ಬೋರ್ಡು ಹಾಕಿಕೊಳ್ಳುತ್ತವೆ. ರಾತ್ರಿಯ ಪೀಪಿಯ ಸದ್ದು ನಿಂತು ಬಹಳ ಕಾಲವಾಯಿತು. ಅದರ ಬದಲು ಕೆಲವು ಕಂಪನಿಗಳು, ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಕುತ್ತಿಗೆ ಹಿಡಿದುಕೊಂಡ ತಮ್ಮ ನೌಕರರಿಗಾಗಿ ಅಂಧ ಅಂಗಮರ್ದಕರನ್ನು ತಿಂಗಳ ಸಂಬಳಕ್ಕೆ ನೇಮಿಸಿಕೊಂಡಿವೆ. ಹೆಲ್ತ್ ಕೀಪರ್ ಎಂಬುದು ಆ ಹುದ್ದೆಯ ಹೆಸರು.

ನನಗೆ ಗೊತ್ತಿದ್ದದ್ದು ಇಷ್ಟು.