ಮಕ್ಕಳಿಲ್ಲದ ಮನೆಯಲ್ಲಿ ಗಂಡಸಿನ ಲೆಕ್ಕ
(ಆಂಡರ್ಸನ್‌ಪೇಟೆಯ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ವಿಷಯವನ್ನು ಬಹಿರಂಗ ಸಭೆಯಲ್ಲಿ ಎತ್ತಬಹುದೇ ಎಂದು ಕೆಲವರು ಮುಖ ತಗ್ಗಿಸಿರುವುದು ಕಾಣುತ್ತಿದೆ. ಎತ್ತಲೇಬೇಕು. ಮದುವೆಯಾಗಿ ನಾಲ್ಕು ವರ್ಷ ಕಳೆದರೂ ತೊಟ್ಟಿಲು ತೂಗದಿದ್ದರೆ ನಾವು ಮಾಡುವುದೇನು? ಸೊಸೆಗೆ ಬಂಜೆಯೆಂದು ಹೆಸರಿಡುತ್ತೇವೆ. ಹರಕೆ ಅವಳಿಗೆ, ಉಪವಾಸ ಅವಳಿಗೆ, ಆಸ್ಪತ್ರೆಯೂ ಅವಳಿಗೇ. ಅವಳನ್ನು ತವರಿಗಟ್ಟಿ ಮಗನಿಗೆ ಮತ್ತೊಂದು ಹೆಣ್ಣು ಹುಡುಕುವವರೂ ಉಂಟು. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಸಿನ ತೊಂದರೆ ಇರುತ್ತದೆ. ಅದೊಂದೇ, ಇಲ್ಲವೆ ಹೆಂಗಸಿನ ತೊಂದರೆಯೊಡನೆ ಕೂಡಿ.

ವೀರ್ಯಾಣು ಶಾಖವನ್ನು ತಾಳದು. ವೃಷಣಗಳು ಹೊಟ್ಟೆಯೊಳಗಿರದೆ ಹೊರಗಿರುವುದು ಅದಕ್ಕೇ. ಅಲ್ಲಿ ಮೈಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಮೆ ಇರಬೇಕು. ಶಾಖವೆಂದರೇನೆಂದು ಇಲ್ಲಿಯ ಹಿರಿಯರಿಗೆ ನಾನು ಹೇಳಬೇಕೆ? ಚಾಂಪಿಯನ್ ರೀಫ್ ಗಣಿಯ ತಳದಲ್ಲಿ, ಮೂರು ಕಿಲೋಮೀಟರಿಗೂ ಕೆಳಗೆ, ಬಂಡೆಯೇ 60 ಡಿಗ್ರಿ ದಾಟಿ ಕಾದಿರುತ್ತಿತ್ತು. ‘ಆದರೂ ನಮ್ಮಪ್ಪನಿಗೆ ಆರು ಮಕ್ಕಳಾದವಲ್ಲ’ ಎನ್ನುವಿರಿ. ನಿಜ. ಅಪಾಯವೆಂದರೆ ಎಲ್ಲರಿಗೂ ತಟ್ಟುವುದೆಂದಲ್ಲ, ಹೆಚ್ಚು ಜನಕ್ಕೆ ತಟ್ಟಬಹುದೆಂದು ಅರ್ಥ. ಗಣಿ 2001ರಲ್ಲಿ ಮುಚ್ಚಿತು. ಇಂದು ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಾಯ್ಲರು, ಕುಲುಮೆ, ಬೇಕರಿ ಒಲೆಗಳ ಮುಂದೆ ಪಾಳಿ ಮಾಡುವ ಹುಡುಗರಿಗೂ ಇದೇ ಮಾತು. ಬ್ಯಾಟರಿ ಕೆಲಸದಲ್ಲಿ ಸೀಸ, ಹೊಲದಲ್ಲಿ ಕೀಟನಾಶಕ, ಇವೂ ಅದೇ ಜಾತಿಯ ಶತ್ರುಗಳು.

ಒಂದು ಸಂಗತಿ ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾಥ್ರೋಪ್ ಎಂಬ ಊರು. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಬೇರು ತಿನ್ನುವ ಹುಳುಗಳನ್ನು ಕೊಲ್ಲುವ ಡಿ.ಬಿ.ಸಿ.ಪಿ. ಎಂಬ ಔಷಧಿ ತಯಾರಾಗುತ್ತಿತ್ತು. ತಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ಕೆಲಸಗಾರರೇ ತಮ್ಮತಮ್ಮಲ್ಲಿ ಮಾತಾಡಿಕೊಂಡರು. 1977ರಲ್ಲಿ ಸಂಘ ಪಟ್ಟು ಹಿಡಿಯಿತು, ವೀರ್ಯಪರೀಕ್ಷೆ ನಡೆಯಿತು. ಹಲವರಲ್ಲಿ ವೀರ್ಯಾಣುವೇ ಇರಲಿಲ್ಲ. ಈ ಔಷಧಿ ಇಲಿಗಳ ವೃಷಣವನ್ನು ಕುಗ್ಗಿಸುತ್ತದೆಂದು 1961ರಲ್ಲೇ ಅಚ್ಚಾಗಿತ್ತು! ಅದನ್ನು ಕೆಲಸಗಾರರಿಗೆ ಹೇಳಿದವರಿಲ್ಲ. ಅವರು ನಾಚಿಕೊಂಡು ಸುಮ್ಮನಿದ್ದಿದ್ದರೆ ಆ ಮನೆಗಳ ಹೆಂಗಸರೇ ದೂರು ಹೊರುತ್ತಿದ್ದರು.

ಬೀಡಿ, ಸಿಗರೇಟು, ಮಿತಿಮೀರಿದ ಕುಡಿತ ನಿಮಗೆ ಗೊತ್ತಿರುವುದೇ. ಗದ್ದಿಗೆ ಬಿಟ್ಟೇಳದ ಅಂಗಡಿಯವರಿಗೆ ಬೊಜ್ಜು, ಸಕ್ಕರೆ ಕಾಯಿಲೆ. ಮೈಕಟ್ಟು ಬೆಳೆಸಲೆಂದು ಜಿಮ್ಮಿನಲ್ಲಿ ಹಾರ್ಮೋನು ಚುಚ್ಚಿಸಿಕೊಳ್ಳುವ ಯುವಕರನ್ನು ನೋಡಿದರೆ ನನಗೆ ಮರುಕವಾಗುತ್ತದೆ: ಗಂಡಸುತನ ಹೆಚ್ಚಲೆಂದು ಕೊಳ್ಳುವ ಆ ಸೂಜಿಯೇ ವೀರ್ಯಾಣುಗಳ ಉತ್ಪತ್ತಿಯನ್ನು ನಿಲ್ಲಿಸುತ್ತದೆ. ಪ್ರಾಯ ಬಂದ ಮೇಲೆ ತಗಲುವ ಮಂಗನಬಾವು, ವೃಷಣದ ಸುತ್ತ ರಕ್ತನಾಳ ಉಬ್ಬುವುದು, ಇವನ್ನೂ ವೈದ್ಯರಿಗೆ ತೋರಿಸಬೇಕು.

ಹೆಂಗಸಿಗೆ ಹತ್ತು ಪರೀಕ್ಷೆ ಬೇಕಾದೀತು. ಗಂಡಸಿಗೆ ಮೊದಲು ಬೇಕಾದದ್ದು ಒಂದು ಶೀಷೆ ಮಾತ್ರ. ಎರಡರಿಂದ ಏಳು ದಿನ ಸಂಗವಿಲ್ಲದೆ ಇದ್ದು ಹೋಗಿ. ಲೆಕ್ಕ ಕಡಮೆ ಬಂದರೆ ಎದೆಗುಂದಬೇಡಿ, ಇನ್ನೊಮ್ಮೆ ಮಾಡಿಸಿ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಇಂದು ಬೀಡಿ ಬಿಟ್ಟವನು ಫಲವನ್ನು ನಾಳೆಯೇ ಕೇಳಬಾರದು, ಮೂರು ತಿಂಗಳು ತಾಳಬೇಕು. ಹೋಗುವಾಗ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರು ಹೇಳುವುದನ್ನು ಅವಳೂ ಕೇಳಲಿ.