ಹಳೆಯ ಕಾರಿನ ಹೀಟರು ಮತ್ತು ದುರಸ್ತಿಯ ವಿವೇಕ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪರಿಸರದ ವೇದಿಕೆಯಲ್ಲಿ ಕಾರಿನ ಹೀಟರಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಲೆನಾಡಿನ ಒಂಟಿಮನೆಗಳಲ್ಲಿ ಹಳೆಯ ಕಾರು ಅಗತ್ಯದ ವಸ್ತು. ಬಸ್ಸು ಬಾರದ ಊರಿನಿಂದ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದೂ, ಅಡಿಕೆ ಮೂಟೆಯನ್ನು ಪೇಟೆಗೆ ಒಯ್ಯುವುದೂ ಅದೇ. ಆಷಾಢದ ರಾತ್ರಿ ಘಟ್ಟದ ತಿರುವಿನಲ್ಲಿ ಮುಂಗಾಜಿಗೆ ಒಳಗಿನಿಂದ ಆವಿ ಕವಿದರೆ ಚಾಲಕನಿಗೆ ದಾರಿ ಕಾಣದು. ಚಳಿನಾಡಿನಲ್ಲಿ ಮೈ ಬೆಚ್ಚಗಿಡುವ ಹೀಟರು ಇಲ್ಲಿ ಕಣ್ಣು ಕಾಯುತ್ತದೆ. ಅದು ಕೆಟ್ಟು, ಗ್ಯಾರೇಜಿನವರು ದೊಡ್ಡ ಮೊತ್ತ ಹೇಳಿದಾಗ, ‘ಇಷ್ಟು ಸುರಿಯುವುದಕ್ಕಿಂತ ಹೊಸದನ್ನೇ ಕೊಳ್ಳೋಣ’ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಆ ಮಾತನ್ನು ತೂಗಿ ನೋಡುವುದು ಈ ಹೊತ್ತಿನ ವಿಷಯ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗ ಮಾತ್ರ ಚಲನೆಗೆ ಒದಗುತ್ತದೆ. ಉಳಿದ ಬಹುಪಾಲು ಹೊಗೆಯ ಮೂಲಕ, ರೇಡಿಯೇಟರಿನ ಮೂಲಕ ಬಿಸಿಯಾಗಿ ಹೊರಹೋಗುತ್ತದೆ. ಹೀಗೆ ವ್ಯರ್ಥವಾಗುವ ಬಿಸಿಯನ್ನೇ ಹೀಟರು ಬಳಸಿಕೊಳ್ಳುತ್ತದೆ. ಎಂಜಿನ್ನಿನ ಬಿಸಿ ಕೂಲಂಟು ಎರಡು ರಬ್ಬರ್ ಕೊಳವೆಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿ ಮರಳುತ್ತದೆ. ಇದಕ್ಕೆ ಹೀಟರ್ ಕೋರ್ ಎಂದು ಹೆಸರು. ಫ್ಯಾನು ಅದರ ಮೇಲೆ ಗಾಳಿ ಹಾಯಿಸಿ ಗಾಜಿನತ್ತ ಕಳುಹಿಸುತ್ತದೆ.

ಈ ಕೋರಿನ ಬೆಲೆ ದೊಡ್ಡದಲ್ಲ. ಆದರೆ ಅನೇಕ ಕಾರುಗಳಲ್ಲಿ ಅದನ್ನು ತಲುಪಲು ಇಡೀ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಏ.ಸಿ. ಜೊತೆಗೂಡಿದ್ದರೆ ಅದರ ಅನಿಲವನ್ನೂ ತೆಗೆದು ಮತ್ತೆ ತುಂಬಬೇಕಾದೀತು. ಖರ್ಚಿನ ಬಹುಭಾಗ ಈ ಕೂಲಿಯದು.

ತೋಟದಲ್ಲಿ ಎಲೆ ಹಳದಿಯಾದ ಕೂಡಲೇ ಬಲ್ಲ ಕೃಷಿಕನು ಔಷಧಿಯಂಗಡಿಗೆ ಓಡುವುದಿಲ್ಲ. ಬಸಿಗಾಲುವೆ ಕಟ್ಟಿದೆಯೇ, ಬೇರು ಕೊಳೆತಿದೆಯೇ ಎಂದು ಮೊದಲು ನೋಡುತ್ತಾನೆ. ಇಲ್ಲಿಯೂ ಅದೇ ಕ್ರಮ. ಎಂಜಿನ್ ಪೂರ್ತಿ ತಣಿದಿರುವಾಗ ಕೂಲಂಟಿನ ಮಟ್ಟ ನೋಡಬೇಕು. ಬಿಸಿ ಇರುವಾಗ ಮುಚ್ಚಳ ತೆರೆದರೆ ಮೈ ಸುಡುತ್ತದೆ. ಮಟ್ಟ ಸರಿಯಿದ್ದೂ ಉಷ್ಣಮಾಪಕದ ಮುಳ್ಳು ಮೇಲೇರದಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿರುವ ಸಂಭವವುಂಟು. ಅದು ಅಗ್ಗದ ಭಾಗ. ಫ್ಯಾನು ಅತಿ ವೇಗದಲ್ಲಿ ಮಾತ್ರ ತಿರುಗಿದರೆ ಸಾಮಾನ್ಯವಾಗಿ ಅದರ ರೆಸಿಸ್ಟರ್ ಸುಟ್ಟಿರುತ್ತದೆ. ಎಂಜಿನ್ ಕಾದ ಮೇಲೆ ಹೀಟರಿನ ಎರಡು ಕೊಳವೆಗಳೂ ಬಿಸಿಯಿದ್ದರೆ ಕೋರು ಬಹುಶಃ ಸರಿಯಿದೆ, ದೋಷ ಗಾಳಿಯ ಬಾಗಿಲಿನಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕವಾಟ ಮುಚ್ಚಿದೆ ಅಥವಾ ಕೋರು ಕಟ್ಟಿದೆ. ಹಳ್ಳದ ನೀರನ್ನೇ ವರ್ಷಗಟ್ಟಲೆ ತುಂಬಿದ ಕಾರುಗಳಲ್ಲಿ ತುಕ್ಕು, ಕೆಸರು ಸೇರಿ ಹೀಗಾಗುತ್ತದೆ. ಹಗುರ ಒತ್ತಡದ ಶುದ್ಧ ನೀರನ್ನು ಹಿಮ್ಮುಖವಾಗಿ ಹಾಯಿಸಿದರೆ ಎಷ್ಟೋ ಬಾರಿ ಅದು ತೆರೆದುಕೊಳ್ಳುತ್ತದೆ.

ಗಾಜಿನ ಮೇಲೆ ಅಂಟುಪೊರೆ, ಕಾರಿನೊಳಗೆ ಸಿಹಿವಾಸನೆ, ಕಾಲಡಿಯ ಚಾಪೆಯಲ್ಲಿ ಪಸೆ, ದಿನೇ ದಿನೇ ಇಳಿಯುವ ಕೂಲಂಟು, ಇವು ಕಂಡರೆ ಕೋರು ಸೋರುತ್ತಿದೆ. ಸೋರಿಕೆ ನಿಲ್ಲಿಸುವ ಪುಡಿಗಳು ಅದರ ಸಣ್ಣ ನಾಳಗಳನ್ನೇ ಕಟ್ಟಬಲ್ಲವು. ಆಗ ಉಳಿಯುವ ದಾರಿ ಎರಡು. ಮೊದಲನೆಯದು, ಹೊಸ ಕೋರು ಹಾಕಿಸುವುದು. ಕೂಲಿಯೇ ಹೆಚ್ಚಾದ ಕಾರಣ ಗುಜರಿಯ ಹಳೆಯ ಕೋರನ್ನು ಕೂರಿಸಿ ಉಳಿಸುವುದು ಅಲ್ಪ. ಎರಡನೆಯದು, ಬಿಸಿ ತಾಳುವ ಕೊಳವೆಯಿಂದ ಎರಡೂ ತುದಿಗಳನ್ನು ಜೋಡಿಸಿ ಕೋರನ್ನು ಬದಿಗಿರಿಸುವುದು. ಇದಕ್ಕೆ ತಗಲುವ ವೆಚ್ಚ ತೀರ ಕಡಿಮೆ. ಏ.ಸಿ. ಸುಸ್ಥಿತಿಯಲ್ಲಿದ್ದರೆ ಅದು ಗಾಳಿಯ ತೇವವನ್ನು ತೆಗೆದು ಗಾಜನ್ನು ತಿಳಿಯಾಗಿಸುತ್ತದೆ. ಹೊರಗಾಳಿ ಒಳಬರುವಂತೆ ಗುಂಡಿ ಇಟ್ಟಿರಬೇಕು. ಏ.ಸಿ. ಇಲ್ಲದೆ ಮಳೆಗಾಲದ ರಾತ್ರಿ ಘಟ್ಟ ಹತ್ತಿಳಿಯುವ ಕಾರಿಗೆ ಮಾತ್ರ ಈ ಉಳಿತಾಯ ತಕ್ಕುದಲ್ಲ.

ಯಾವ ದಾರಿ ಹಿಡಿದರೂ ಹಳೆಯ ಕೂಲಂಟನ್ನು ನೆಲಕ್ಕೆ, ಹಳ್ಳಕ್ಕೆ ಚೆಲ್ಲಬಾರದು. ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಕರುಗಳು ನೆಕ್ಕಿದರೆ ಮೂತ್ರಪಿಂಡದಲ್ಲಿ ಆಕ್ಸಲೇಟ್ ಹರಳುಗಟ್ಟಿ ಸಾಯುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ಹಿಡಿದು ಹೆಸರು ಬರೆದು, ಅದನ್ನು ಕ್ರಮವಾಗಿ ವಿಲೇವಾರಿ ಮಾಡುವವರಿಗೇ ಒಪ್ಪಿಸಬೇಕು.

ಇನ್ನು ಹೊಸ ಕಾರಿನ ಮಾತು. ಸಣ್ಣ ಕಾರೊಂದನ್ನು ತಯಾರಿಸುವಾಗ ೫ ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆಂದು ಇಟ್ಟುಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ೨.೩ ಕಿಲೋ. ಹಳೆಯದು ಲೀಟರಿಗೆ ೧೪, ಹೊಸದು ೨೦ ಕಿ.ಮೀ. ಓಡುವುದಾದರೆ, ವರ್ಷಕ್ಕೆ ೪,೦೦೦ ಕಿ.ಮೀ. ಓಡುವ ಮನೆಯಲ್ಲಿ ಉಳಿಯುವುದು ೮೬ ಲೀಟರ್, ಅಂದರೆ ೨೦೦ ಕಿಲೋ ಅನಿಲ. ತಯಾರಿಕೆಯ ಋಣ ತೀರಲು ೨೫ ವರ್ಷ ಬೇಕು. ವರ್ಷಕ್ಕೆ ೨೦,೦೦೦ ಕಿ.ಮೀ. ಓಡುವವರಿಗೆ ೫ ವರ್ಷ ಸಾಕು. ಕಪ್ಪು ಹೊಗೆ ಕಾರುವ, ಅಡಿಪಟ್ಟಿ ತುಕ್ಕು ಹಿಡಿದ ವಾಹನಕ್ಕೆ ಈ ಲೆಕ್ಕದ ರಕ್ಷಣೆ ಸಲ್ಲದು. ಹೊಗೆಯ ವಿಷವೂ ಪ್ರಯಾಣಿಕರ ಜೀವವೂ ಬೇರೆಯೇ ಲೆಕ್ಕ. ಖಾಸಗಿ ಕಾರಿನ ನೋಂದಣಿ ೧೫ ವರ್ಷಕ್ಕೆ ಮುಗಿಯುತ್ತದೆ. ಅನಂತರ ತಪಾಸಣೆಯಲ್ಲಿ ತೇರ್ಗಡೆಯಾದರೆ ೫ ವರ್ಷಕ್ಕೊಮ್ಮೆ ನವೀಕರಣವುಂಟು. ಆ ಅವಧಿ ಹತ್ತಿರವಿದ್ದರೆ ದುಬಾರಿ ದುರಸ್ತಿಗೆ ಮುನ್ನವೇ ಇಡೀ ವಾಹನವನ್ನು ಪರೀಕ್ಷಿಸಿಸುವುದು ಜಾಣತನ.

ಅದಿರಿನ ಬೆಲೆಯನ್ನು ಈ ನಾಡು ಕಣ್ಣಾರೆ ಕಂಡಿದೆ. ಭದ್ರೆಯ ಉಗಮಸ್ಥಾನದ ಕುದುರೆಮುಖದಲ್ಲಿ ಗಣಿಗಾರಿಕೆ ನಿಲ್ಲಿಸಲು ಹೋರಾಟ, ಸುಪ್ರೀಂ ಕೋರ್ಟಿನ ೨೦೦೨ರ ಆದೇಶ ಎಲ್ಲವೂ ಬೇಕಾದವು. ೨೦೦೫ರ ಕೊನೆಗೆ ಅದು ನಿಂತಿತು. ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ ಅದಿರು ಬೇಕು. ಗಣಿ ಬೇಡವೆಂದ ಜನ, ಸರಿಪಡಿಸಬಲ್ಲ ಉಕ್ಕನ್ನು ಅವಸರದಿಂದ ಗುಜರಿಗೆ ಹಾಕಿದರೆ ಬೇರೊಂದು ಬೆಟ್ಟ ಅದರ ಬೆಲೆ ತೆರುತ್ತದೆ.

ತಯಾರಕರ ಹೊಣೆಯೂ ಇದೆ. ಪುಟ್ಟ ಭಾಗವನ್ನು ಕೈಗೆಟುಕದಂತೆ ಹುದುಗಿಸಿಟ್ಟ ವಿನ್ಯಾಸದ ದಂಡವನ್ನು ಬಳಕೆದಾರ ತೆರುತ್ತಿದ್ದಾನೆ. ೨೦೨೨ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿತು. ವಾಹನಗಳೂ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಬಿಡಿಭಾಗ, ಕೈಪಿಡಿಗಳು ಊರಿನ ಮೆಕ್ಯಾನಿಕನಿಗೂ ದೊರೆಯಬೇಕೆಂಬ ಬೇಡಿಕೆ ಹಳ್ಳಿಗಳಿಂದಲೇ ಏಳಬೇಕು.

ವಿದ್ಯಾರ್ಥಿಗಳು ಊರಿಗೆ ಮರಳಿದ ಮೇಲೆ ಒಂದು ಕೆಲಸ ಮಾಡಬಹುದು. ಮುಂಗಾರಿಗೆ ಮುನ್ನ ನೆರೆಹೊರೆಯ ಕಾರುಗಳ ಕೂಲಂಟು, ಕೊಳವೆ, ಗಾಜಿನ ಗಾಳಿ ಇಷ್ಟನ್ನು ಹಿರಿಯರೊಡನೆ ಕೂತು ನೋಡಿ, ವರ್ಷದ ಓಟವನ್ನೂ ಬರೆದಿಡಿ. ಹೊಸದೋ ದುರಸ್ತಿಯೋ ಎಂಬ ಪ್ರಶ್ನೆಗೆ ಉತ್ತರ ಆ ಪುಸ್ತಕದಲ್ಲೇ ದೊರೆಯುತ್ತದೆ.